ನುಕ್ಸಾನ ಯಾರ ಹೆಸರಿಗೆ

ಸಿಂದಗಿ
ಭಾನುವಾರ, ೧೦ ಮಾರ್ಚ್ ೧೯೭೪

ಪ್ರೀತಿಯ ಅಕ್ಕ ಇಂದುಬಾಯಿಗೆ, ನಿನ್ನ ತಂಗಿ ಹೊನ್ನವ್ವ ಮಾಡುವ ನಮಸ್ಕಾರ.

ನಾವು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಅಂಚೆಗೆ ಹಾಕಿದರೆ ತಡವಾದೀತು, ನಾಳೆ ಮುದ್ದೇಬಿಹಾಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತೇನೆ. ಮಂಗಳವಾರ ಭಾವನವರು ಇಲ್ಲಿಗೆ ಬರುವವರಿದ್ದಾರಲ್ಲ, ಹೇಗಾದರೂ ಮಾಡಿ ಅವರನ್ನು ನಿಲ್ಲಿಸು. ಕಾರಣವನ್ನು ಒಂದೇ ಮಾತಿನಲ್ಲಿ ಹೇಳುವ ಧೈರ್ಯ ನನಗಿಲ್ಲ.

ದೀಪಾವಳಿಯಾದ ಮೇಲೆ ಭಾವನವರು ಬೇಳೆ ಗಿರಣಿಗೆ ಹೊಸ ಕಟ್ಟು ಹಾಕಿದ್ದು ನಿನಗೂ ಗೊತ್ತು. ತಿಂಗಳ ಖರ್ಚಿಗೆ ಇಷ್ಟೇ ಎಂದು ಗೆರೆ ಎಳೆದರು. ಮೀರಿದ್ದೆಲ್ಲ ನಮ್ಮ ಮನೆಯವರ ಪಗಾರದಲ್ಲಿ ವಜಾ. ಅಷ್ಟರಲ್ಲಿ ಡೀಸೆಲ್ ತುಟ್ಟಿಯಾಯಿತು. ಇವರು ಮುದ್ದೇಬಿಹಾಳಕ್ಕೆ ಬಂದು ನಿಮ್ಮ ಪಡಸಾಲೆಯಲ್ಲಿ ಕೂತು ಕೇಳಿದ್ದು ಒಂದೇ ಮಾತು: “ಹೆಚ್ಚು ಸುಟ್ಟರ ನಾ ಜವಾಬ್ದಾರ ಖರೆ. ದರಾ ಏರಿದ್ದಕ್ಕ ನಾ ಹ್ಯಾಂಗ ಜವಾಬ್ದಾರ ಆಗ್ತೇನ್ರಿ?”

ಭಾವನವರು ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದರಂತೆ: “ರೇವಪ್ಪಾ, ಗಿರಣಿ ನಿನ್ನ ಸುಪರ್ದಿಗೆ ಕೊಟ್ಟೇನಿ. ಅದರಾಗಿಂದು ಎಲ್ಲಾ ನಿಂದು.”

ಎಲ್ಲಾ ಇವರದು ಎಲ್ಲಿತ್ತು ಅಕ್ಕಾ? ತೊಗರಿ ಕೊಳ್ಳುವವರು ಭಾವ, ಬೇಳೆ ಮಾರುವವರು ಭಾವ. ಎಂಜಿನ್ನಿನಿಂದ ಯಂತ್ರ ತಿರುಗಿಸುವ ಚರ್ಮದ ಪಟ್ಟಾ ಕೂಡ ಅವರೇ ಸೊಲ್ಲಾಪುರದಿಂದ ತಂದದ್ದು, ಅದೂ ಹಳೆಯದು. ಹೊಸದು ಬೇಕೆಂದರೆ ಆ ಖರ್ಚೂ ಇವರ ಹೆಸರಿಗೇ. ಇವರ ಅಂಕೆಯಲ್ಲಿದ್ದದ್ದು ಆಳುಗಳು ಮಾತ್ರ. ಖರ್ಚು ಇಳಿಸಲು ಇವರು, ಯಂತ್ರಕ್ಕೆ ಎಣ್ಣೆ ಬಿಟ್ಟು ಪಟ್ಟಾ ನೋಡಿಕೊಳ್ಳುತ್ತಿದ್ದ ಅಮೋಘಸಿದ್ಧನನ್ನು ಬಿಡಿಸಿದರು. ಎರಡೂ ಕೆಲಸ ಎಂಜಿನ್ ಡ್ರೈವರ್ ಬಾಬುಲಾಲನ ಮೇಲೆ ಬಿತ್ತು. ಪಟ್ಟಾದ ಸಪ್ಪಳ ಬೇರೆಯಾಗಿದೆ, ಎರಡು ದಿನ ಬಂದ್ ಇಡೋಣ ಎಂದು ಅವನು ಹೇಳಿದ್ದನಂತೆ. ಸುಗ್ಗಿಯ ತೊಗರಿ ಚೀಲಗಳು ಬಾಗಿಲವರೆಗೆ ಒಟ್ಟಿದ್ದವು. ಇವರು ಬಂದ್ ಇಡಲಿಲ್ಲ.

ಶಿವರಾತ್ರಿಯ ಮರುದಿನ ಪಟ್ಟಾ ಹರಿದು ಬಾಬುಲಾಲನ ಮುಖಕ್ಕೆ ಬಡಿಯಿತು. ಬಲಗಣ್ಣು ಹೋಯಿತು. ಅವನ ಹೆಂಡತಿ ರೋಷನಬಿ ವಿಜಾಪುರದ ದವಾಖಾನೆಯಲ್ಲಿ ನನ್ನನ್ನು ಕಂಡು ಬೈಯಲಿಲ್ಲ, ಅಳಲೂ ಇಲ್ಲ. ಎದ್ದು ಸರಿದು ನನಗೆ ಕೂಡಲು ಜಾಗ ಕೊಟ್ಟಳು. ನನಗೆ ಕೂಡಲಾಗಲಿಲ್ಲ.

ದವಾಖಾನೆಯ ಖರ್ಚೂ ಇವರದೇ ಎಂದು ಭಾವನವರು ಹೇಳಿ ಕಳಿಸಿದರು. ಇವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ‘ಈ ಖರ್ಚಿನಲ್ಲಿ ಗಿರಣಿ ಹೇಗೆ ನಡೆಯುತ್ತದೆಂದು ನೀವೇ ಒಂದು ದಿನ ನಡೆಸಿ ತೋರಿಸಿರಿ’ ಎಂದು ಬಹಳ ಮರ್ಯಾದೆಯಿಂದ ಕೇಳಿಕೊಂಡರು. ಭಾವ ಒಪ್ಪಿದ ದಿನದಿಂದ ಇವರು ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ. ಪಟ್ಟಾವನ್ನು ತಾವೇ ಹೊಲಿದು ಹಾಕಿದ್ದಾರೆ, ಯಾರನ್ನೂ ಹತ್ತಿರ ಬಿಡಲಿಲ್ಲ. ಭಾವ ಬರುವ ದಿನ ಹಮಾಲರು ಬರುವುದು ಬೇಡ ಎಂದಿದ್ದಾರೆ. ನಿನ್ನೆ ನಾನು ರೊಟ್ಟಿ ಬಡಿಯುವಾಗ ಬಂದು, ನಿಮ್ಮ ಭಾವ ಎಡಚರೋ ಬಲಚರೋ ಎಂದು ಕೇಳಿದರು. ಏಕೆ ಎಂದೆ. ಸುಮ್ಮನೆ, ಎಂದರು.

ನಾನು ಇದಕ್ಕಿಂತ ಹೆಚ್ಚು ಬರೆಯಲಾರೆ. ಅವರಿಗೆ ಜ್ವರ ಅನ್ನು, ನಿನಗೆ ಜ್ವರ ಅನ್ನು, ಏನಾದರೂ ಅನ್ನು. ಕಳಿಸಬೇಡ.

ನಿನ್ನ ತಂಗಿ,
ಹೊನ್ನವ್ವ

ತಾಜಾಕಲಂ, ಸೋಮವಾರ ಸಂಜೆ:

ಕಾಗದ ಕಂಡಕ್ಟರನಿಗೆ ಕೊಡಲು ಹೋದರೆ, ಅದೇ ಬಸ್ಸಿನಿಂದ ಭಾವನವರೇ ಇಳಿದರು. ನಾಳೆ ಬೇರೆ ಕೆಲಸವಿದೆ, ಅದಕ್ಕೆ ಇಂದೇ ಬಂದೆ ಎಂದರು. ಚಹಾಕ್ಕೆ ಕರೆದೆ, ನಿಲ್ಲಲಿಲ್ಲ. ನಾನೂ ಹಿಂದೆಯೇ ಓಡಿದೆ. ನಾನು ಗಿರಣಿ ಮುಟ್ಟುವಷ್ಟರಲ್ಲಿ ಎಂಜಿನ್ ಶುರುವಾಗಿತ್ತು. ಭಾವ ಪಟ್ಟಾದ ಪಕ್ಕದಲ್ಲಿ ಧೋತರ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಇವರು ದೂರ, ಬಾಗಿಲಲ್ಲಿದ್ದರು. ನಾನು ಇವರನ್ನು ದಾಟಿ ಹೋಗಿ ಡೀಸೆಲ್ಲಿನ ಚಾವಿ ತಿರುಗಿಸಿದೆ.

ಗಿರಣಿ ನಿಂತಿತು. ಭಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಇವತ್ತಿನ ನುಕ್ಸಾನ ಯಾರ ಹೆಸರೀಗೆ ಬರೀಲಿ, ಹೊನ್ನವ್ವಾ?”

“ನನ್ನ ಹೆಸರೀಗೆ ಬರೀರಿ,” ಎಂದೆ. “ಬಂದ್ ಮಾಡಿದಾಕಿ ನಾನು.”

ಅವರು ಮಧ್ಯಾಹ್ನದ ಬಸ್ಸಿಗೆ ತಿರುಗಿ ಹೋದರು. ಇವರು ಅಲ್ಲೇ ಚೀಲದ ಮೇಲೆ ಕೂತವರು ಇನ್ನೂ ಮನೆಗೆ ಬಂದಿಲ್ಲ.

ಪಟ್ಟಾವನ್ನು ನಾನೇ ಬಿಚ್ಚಿ ನೋಡಿದೆ ಅಕ್ಕಾ. ಹೊಲಿಗೆ ಗಟ್ಟಿಯಾಗಿದೆ. ಅದರಿಂದ ಒಂದು ಗೇಣು ಆಚೆ, ಒಳಮೈಯಲ್ಲಿ, ಅರ್ಧ ದಪ್ಪದವರೆಗೆ ಚಾಕುವಿನಿಂದ ಕೊಯ್ದದ್ದಿದೆ. ಭಾವನವರು ಇದನ್ನು ನೋಡಿಲ್ಲ. ಮುಂದಿನ ವಾರ ಮತ್ತೆ ಬರುತ್ತೇನೆ ಎಂದು ಹೇಳಿ ಹೋಗಿದ್ದಾರೆ.