ಕಾಫಿಗೆ ಇಟ್ಟ ಕುದಿನೀರು

ಎಕ್ಷೋ, ಸೆಪ್ಟೆಂಬರ್ ೧೪

ಪ್ರೀತಿಯ ಅಮ್ಮಾ,

ನಮ್ಮ ಹಿತ್ತಲಿಗೆ ಬಂದ ಮೊದಲ ಕಂದುಹುಳುವನ್ನು ನೀನು ಕತ್ತರಿಸಿದ್ದನ್ನು ನಾನು ನೋಡಿದ್ದೆ. ಹೋದ ವರ್ಷದ ಅಕ್ಟೋಬರಿನಲ್ಲಿ. ನಾನು ಶಾಲೆಯಲ್ಲಿದ್ದೇನೆ ಎಂದು ನೀನು ತಿಳಿದಿದ್ದೆ. ನಾನು ಬಟ್ಟೆ ಒಗೆಯುವ ಕೋಣೆಯ ಕಿಟಕಿಯ ಹಿಂದೆ ಕೂತಿದ್ದೆ. ಹೇಳಿದರೆ ಶಾಲೆ ತಪ್ಪಿಸುತ್ತಿದ್ದದ್ದು ಬಯಲಾಗುತ್ತಿತ್ತು. ಬಾಯಿ ಮುಚ್ಚಿಕೊಂಡೆ.

ಆಗ ನನಗೆ ಹಿತ್ತಲು ಬಿಟ್ಟರೆ ನೋಡಲು ಬೇರೇನೂ ಇರಲಿಲ್ಲ. ಬೇಲಿಯ ಬುಡದಲ್ಲಿ ಯಾರೂ ನೆಡದ ನೇರಳೆ ಹೂವು ಬಂದಿತ್ತು. ಗೊಬ್ಬರದ ರಾಶಿಯ ಮೇಲೆ ಕಪ್ಪು ನೆತ್ತಿಯ ಹೊಸ ಹಕ್ಕಿ. ಆಮೇಲೆ ಅದು: ಬೆರಳುದ್ದದ, ಚಿಪ್ಪಿಲ್ಲದ, ತೋಟವನ್ನೇ ತಿಂದುಹಾಕುವ ಬಸವನಹುಳು. ರಗ್ನ್‌ಹಿಲ್ಡ್ ಚಿಕ್ಕಮ್ಮನ ತೋಟದಿಂದ ನೀನು ತಂದ ಅಗಲ ಎಲೆಯ ಹೋಸ್ಟಾ ಗಿಡದ ಬುಡದಲ್ಲಿತ್ತು. ನೀನು ಅಡುಗೆಮನೆಯ ಕತ್ತರಿ ತಂದೆ, ಎರಡು ತುಂಡು ಮಾಡಿದೆ, ಮಣ್ಣು ಮುಚ್ಚಿದೆ, ಬೀದಿಯ ಕಡೆ ಒಮ್ಮೆ ನೋಡಿದೆ. ಈ ಬೇಸಿಗೆಯಲ್ಲಿ ಊರಿಗೆಲ್ಲ ತೋರಿಸಲಿದ್ದ ತೋಟಗಳಲ್ಲಿ ನಮ್ಮದೂ ಒಂದಾಗಿತ್ತಲ್ಲ.

ಟೋರ್ಗ್ನಿ ಪಕ್ಕದ ಮನೆಗೆ ಬಂದದ್ದು ಏಪ್ರಿಲ್‌ನಲ್ಲಿ. ತೀರಿಕೊಂಡ ಹೆಂಡತಿ ನೆಟ್ಟಿದ್ದ ಪಿಯೋನಿ ಹೂಗಿಡಗಳನ್ನು ಗೋಥೆನ್‌ಬರ್ಗಿನಿಂದ ಮಣ್ಣು ಸಮೇತ ತಂದಿದ್ದ. ಜುಲೈ ಹೊತ್ತಿಗೆ ಬೀದಿಯ ಎಲ್ಲರ ಹಿತ್ತಲಲ್ಲೂ ಹುಳು. ಊಟ ಮುಗಿಸಿ ಎಲ್ಲರೂ ಕತ್ತರಿ ಹಿಡಿದು ಹೊರಡುತ್ತಿದ್ದಿರಿ.

"ಸಾಹೇಬ್ರು ಒಬ್ರೇ ಬರ್ಲಿಲ್ಲ ಕಣ್ರೇ, ದಿಬ್ಬಣ ಕರ್ಕೊಂಡು ಬಂದವ್ರೆ" ಎಂದು ಟೋರ್ಗ್ನಿಯ ಮನೆಯ ಕಡೆ ಕೈ ತೋರಿಸಿದಳು ಎದುರು ಮನೆಯ ಗುಲ್‌ಬ್ರಿಟ್. ಎಲ್ಲರಿಗಿಂತ ಜೋರಾಗಿ ನೀನು ನಕ್ಕೆ. ಆಮೇಲೆ ಹುಳುವಿನ ತುಂಡುಗಳು ಜಾಮ್ ಬಾಟಲಿಯಲ್ಲಿ ತುಂಬಿ ಅವನ ಮೆಟ್ಟಿಲ ಮೇಲೆ ಕಾಣಿಸಿಕೊಳ್ಳತೊಡಗಿದವು. ಬಾಟಲಿ ನಮ್ಮ ಮನೆಯದು. ತೊಳೆದವಳು ನಾನು.

ಬೀದಿಯ ಕಾಫಿ ಕೂಟದಲ್ಲಿ ಅವನೇ ಎದ್ದು ನಿಂತ. "ಎಲ್ರೂ ಕ್ಷಮಿಸ್ಬೇಕು. ನಂಗೊತ್ತಾಗ್ಲಿಲ್ಲ. ಏನ್ ಮಾಡ್ಲಿ ಹೇಳಿ, ಮಾಡ್ತೀನಿ" ಎಂದ. ಉಳಿದವರಿಗೆ ಅಷ್ಟೇ ಸಾಕಾಗಿತ್ತು, ತಲೆ ತಗ್ಗಿಸಿದರು. ನೀನು ಬಿಡಲಿಲ್ಲ.

"ಆ ಪಿಯೋನಿನ ಬೇರು ಸಮೇತ ಕಿತ್ಹಾಕಿ, ಟೋರ್ಗ್ನಿ. ಮೊಟ್ಟೆ ಎಲ್ಲ ಅಲ್ಲೇ ಇರ್ತವೆ. ಕಣ್ಣೀರಿಗೆಲ್ಲ ಹುಳು ಸಾಯಲ್ಲ."

ಅವನು ಅಗೆದ. ಬೇರುಗಳನ್ನು ತಗಡಿನ ತೊಟ್ಟಿಯಲ್ಲಿಟ್ಟ. ಕಾಫಿಗೆ ಇಟ್ಟಿದ್ದ ಕುದಿನೀರಿನ ಕೆಟಲನ್ನು ನೀನು ಅವನ ಕೈಗೆ ಕೊಟ್ಟೆ. ಅವನು ತೊಟ್ಟಿಯಿಂದ ಹಿಂದೆ ಸರಿದ. ಕಿತ್ತುಕೊಂಡು ನೀನೇ ಸುರಿದೆ. ಸಾಲದೆಂದು ಇನ್ನೊಂದು ಕೆಟಲ್ ತರಿಸಿದೆ. ಗುಲ್‌ಬ್ರಿಟ್ ದಾಲ್ಚಿನ್ನಿ ಬನ್ ಹಂಚಿದಳು. ನಾನೂ ತಿಂದೆ.

ಮರುವಾರ ಜನ ನಮ್ಮ ತೋಟ ನೋಡಲು ಬಂದರು, ಹೋಸ್ಟಾದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ತೂತು ಬಿದ್ದ ಎಲೆಗಳನ್ನು ನೀನು ಬೆಳಗಾಗುವ ಮೊದಲೇ ಕತ್ತರಿಸಿದ್ದೆ. ಟೋರ್ಗ್ನಿಯೂ ಬಂದಿದ್ದ. "ಎಷ್ಟ್ ಚೆನ್ನಾಗ್ ಸಾಕಿದೀರಿ" ಎಂದ. ನೀನು ಅವನಿಗೆ ಥ್ಯಾಂಕ್ಸ್ ಹೇಳಿದೆ.

ಶಾಲೆ ಬಿಟ್ಟವಳಿಗೆ ಏನು ಗೊತ್ತು ಎಂದು ದಿನವೂ ಕೇಳುತ್ತೀಯಲ್ಲ. ಇದು ಗೊತ್ತು. ನೀನೇ ಹೋಗಿ ಟೋರ್ಗ್ನಿಗೆ ನಿಜ ಹೇಳು. ನಿನ್ನನ್ನು ನಾನು ಈಗಲೂ ಪ್ರೀತಿಸುತ್ತೇನೆ. ಅದೇ ನನಗೆ ಅಸಹ್ಯವಾಗಿರುವುದು.

ನಿನ್ನ
ಟೂವಾ

ಇದನ್ನೂ ಓದು: ನೀನು ಹೋಗುವುದಿಲ್ಲ ಎಂದು ಗೊತ್ತಿದ್ದರಿಂದ, ಸಹಿ ಹಾಕಿದ ಮೇಲೆ ನಾನೇ ಹೋಗಿ ಹೇಳಿಬಂದೆ. ಟೋರ್ಗ್ನಿ ಕೂಗಾಡಲಿಲ್ಲ. "ನನ್ ತಪ್ಪು ಅಂತ ನನ್ ಹೆಂಡ್ತಿ ಗಿಡ ಸುಡೋಕೆ ಬಿಟ್ಟೆ. ತಪ್ಪಾದ್ರೂ ಇತ್ತು. ಈಗ ಅದೂ ಇಲ್ವಲ್ಲ ಮಗಾ. ಇದ್ನ ಹೇಳಿ ಯಾರಿಗ್ ಒಳ್ಳೇದ್ ಮಾಡ್ದೆ?" ಎಂದು ಬಾಗಿಲು ಹಾಕಿಕೊಂಡ. ಮುಚ್ಚಿದ ಬಾಗಿಲಿಗೇ ಉತ್ತರ ಹೇಳಿದೆ: ನಂಗೆ.

ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.