ಉಂಡವರೇ ಮದುವೆಯಾಗಲಿ

ಹುತ್ತೂರು
೧೯ ಫೆಬ್ರವರಿ ೨೦೨೫, ಬುಧವಾರ

ಮುದ್ದಿನ ಸಹನಾಳಿಗೆ ನಿನ್ನ ಅಜ್ಜಿ ಆವಲಮ್ಮ ಬರೆಯುವುದು.

ಹೇಗಿದ್ದೀಯ ತಾಯಿ? ಕುಂದಾಪುರದ ಸೆಕೆಗೆ ಕತ್ತಿನ ಸುತ್ತ ಬೆವರುಸಾಲೆ ಎದ್ದಿದೆ ಎಂದಿದ್ದೆಯಲ್ಲ, ಕಡಿಮೆಯಾಯಿತೇ? ಮೆಸ್ಸಿನ ಕುಚ್ಚಲಕ್ಕಿ ಅನ್ನ ಒಗ್ಗಿತೇ? ಕಳಿಸಿದ ರಾಗಿಹಿಟ್ಟನ್ನು ಡಬ್ಬಿಯಲ್ಲೇ ಹುಳ ಹಿಡಿಸಬೇಡ, ಬ್ಯಾಂಕಿಗೆ ಹೋಗುವ ಮುಂಚೆ ಅಂಬಲಿ ಕಾಯಿಸಿ ಕುಡಿ. ನಿಮ್ಮಪ್ಪ ಅಮ್ಮ ರೇಷ್ಮೆಮನೆ ಬಿಟ್ಟು ಆಚೆ ಬರುತ್ತಿಲ್ಲ. ಹುಳು ಕೊನೆಯ ಸಲ ಪೊರೆ ಬಿಟ್ಟು ಜ್ವರದಿಂದ ಎದ್ದಿದೆ, ಸೊಪ್ಪು ಸುರಿದಷ್ಟೂ ತಿನ್ನುತ್ತಿದೆ. ನಿಮ್ಮ ತಾತನೂ ಚೆನ್ನಾಗಿದ್ದಾರೆ, ಬೇಕಾದ್ದಕ್ಕಿಂತ ಜಾಸ್ತಿಯೇ ಚೆನ್ನಾಗಿದ್ದಾರೆ. ನನಗೇ ಮೈಯೆಲ್ಲ ಉರಿಯುತ್ತಿದೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಸ್ಪೀಕರಿಗೆ ಹಾಕಿ ಪಕ್ಕದಲ್ಲೇ ಕೂರುತ್ತಾರೆ. ಅದಕ್ಕೇ ಕಾಗದ.

ಸಂಕ್ರಾಂತಿಯಲ್ಲಿ ಲಕ್ಕೂರಿನ ಗಂಗುಲಪ್ಪನವರು ಹೆಂಡತಿ ಮಗನ ಜೊತೆ ನಿನ್ನನ್ನು ನೋಡಲು ಬಂದಿದ್ದರು. ನಾವು ಉಪ್ಪಿಟ್ಟು, ಕಾಫಿ ಕೊಟ್ಟು ಕಳಿಸಿದೆವು. ನೀನು ಯೋಚನೆ ಮಾಡಿ ಹೇಳುತ್ತೇನೆ ಎಂದೆ, ಅವರೂ ಆಗಲಿ ಎಂದರು. ಅಲ್ಲಿಯವರೆಗೆ ನಾವು ಅವರಲ್ಲಿ, ಅವರು ನಮ್ಮಲ್ಲಿ ಅನ್ನ ಉಣ್ಣುವ ಹಾಗಿಲ್ಲ. ಎಲೆ ಮುಂದೆ ಕೂತು ಉಂಡು ಕೈ ತೊಳೆದರೆ ಹೆಣ್ಣು ಕೊಟ್ಟೆವು ಎಂದೇ ಅರ್ಥ. ಇದು ನಿಮ್ಮ ತಾತನಿಗೆ ಗೊತ್ತಿಲ್ಲದ್ದಲ್ಲ. ನಿನ್ನ ಅತ್ತೆಯ ಸಂಬಂಧ ನೋಡುವಾಗ ಶ್ರೀನಿವಾಸಪುರದವರ ಮನೆಯಲ್ಲಿ ಒಂದು ಹೋಳಿಗೆಗೂ ಕೈ ಹಾಕದೆ ಎದ್ದು ಬಂದ ಮನುಷ್ಯ ಅವರು.

ಹೋದ ವಾರ ಗಂಗುಲಪ್ಪ ಫೋನ್ ಮಾಡಿ, ವಕ್ಕಲೇರಿ ಆಚೆ ದ್ರಾಕ್ಷಿ ತೋಟದಲ್ಲಿ ಹೊಸದಾಗಿ ಒಂದು ಹೋಟೆಲ್ ಆಗಿದೆ, ಶನಿವಾರ ಭಾನುವಾರ ಬೆಂಗಳೂರಿನವರು ಸಾಲುಗಟ್ಟಿ ಬರುತ್ತಾರೆ, ಹಿರಿಯರು ಒಂದು ಸಲ ನೋಡಬೇಕು ಎಂದರು. ನಾನು ಬೇಡ ಎಂದೆ. ನಿಮ್ಮ ತಾತ, "ಏ, ಹೋಟ್ಲು ಯಾರ ಮನೇನೂ ಅಲ್ಲ ಕಣೇ, ಅಲ್ಲಿಗ್ಯಾವ ಶಾಸ್ತ್ರ" ಎಂದು ಇಸ್ತ್ರಿ ಪಂಚೆ ಉಟ್ಟು ನಿಂತರು. ಒಬ್ಬರನ್ನೇ ಬಿಡಲು ಧೈರ್ಯ ಸಾಲದೆ ಭಾನುವಾರ ನಾನೂ ಹೊರಟೆ. ನರೇಶ, ಅದೇ ಆ ಹುಡುಗ, ಕಾರು ತಂದಿದ್ದ.

ಆ ಜಾಗವನ್ನು ನೀನು ನೋಡಬೇಕಿತ್ತು. ಯಾವುದೋ ದೇಶದಲ್ಲಿ ಸಮುದ್ರದ ದಡದಲ್ಲೇ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರಂತೆ, ಹಾಗೇ ಕಾಣಬೇಕೆಂದು ಗೋಡೆಗೆಲ್ಲ ಬಿಳಿ ನೀಲಿ ಬಣ್ಣ ಬಳಿದು, ಅಂಗಳದಲ್ಲಿ ಲೋಡುಗಟ್ಟಲೆ ಮರಳು ಹರಡಿ, ಅದರ ಮೇಲೆ ಅರ್ಧ ದೋಣಿ ಮಗುಚಿದ್ದಾರೆ. ಕಂಬಕ್ಕೊಂದು ಸ್ಪೀಕರು, ಅದರಲ್ಲಿ ಅಲೆಗಳ ಸದ್ದು. ಕುಡಿಯುವ ನೀರಿಗೆ ಸಾವಿರದೈನೂರು ಅಡಿ ಕೊರೆಸುವ ಕೋಲಾರದಲ್ಲಿ ನಮಗೆ ಸಮುದ್ರ ತೋರಿಸುತ್ತಾರೆ. ಮೊಮ್ಮಗಳು ನಿಜವಾದ ಸಮುದ್ರದ ಪಕ್ಕದಲ್ಲೇ ಇದ್ದಾಳಪ್ಪ ಎಂದೆ, ಯಾರ ಕಿವಿಗೂ ಬೀಳಲಿಲ್ಲ. ಪಕ್ಕದ ಮೇಜಿನ ಹುಡುಗಿಯರು ಮರಳಲ್ಲಿ ಚಪ್ಪಲಿ ಬಿಟ್ಟು ಫೋಟೋ ತೆಗೆಸಿಕೊಳ್ಳುತ್ತಿದ್ದರು, ಪಾಪ, ಅವರ ಮೇಲೆ ನನಗೇನೂ ಕೋಪವಿಲ್ಲ.

ತೋಟ ನೋಡಲು ಹೋದವರು ತೋಟ ನೋಡಲೇ ಇಲ್ಲ. ಕೂತ ಕೂಡಲೇ ತಟ್ಟೆ ಬಂದವು. ನಿಮ್ಮ ತಾತನಿಗೆ ದ್ರಾಕ್ಷಿ ರಸ ಎಂದು ಒಂದು ಲೋಟ ಕೊಟ್ಟರು. ಎರಡನೇ ಲೋಟಕ್ಕೂ ಅದು ಏನೆಂದು ಗೊತ್ತಾಗಲಿಲ್ಲವಂತೆ. ಆಮೇಲೆ ಮಟನ್ ಚಾಪ್ಸು, ಆಮೇಲೆ ಮೀನು, ಆಮೇಲೆ ಅನ್ನ. ನಾನು ಮೇಜಿನ ಕೆಳಗೆ ಕಾಲು ತುಳಿದೆ, ಅವರು ಕಾಲು ಎಳೆದುಕೊಂಡು ಇನ್ನೊಂದು ಚಾಪ್ಸು ಹಾಕಿಸಿಕೊಂಡರು. ಗಂಗುಲಪ್ಪನ ಹೆಂಡತಿ ಅಶ್ವತ್ಥಮ್ಮ ನನ್ನ ತಟ್ಟೆಗೇ ಕಣ್ಣು ನೆಟ್ಟು, "ಕೊಂಚೆಂ ತಿನಂಡಮ್ಮಾ, ಕೊಂಚೆಂ" ಎಂದು ಸ್ವಲ್ಪವಾದರೂ ತಿನ್ನಲು ಮೇಲಿಂದ ಮೇಲೆ ಒತ್ತಾಯ. ಹೊಟ್ಟೆ ಸರಿಯಿಲ್ಲ ಎಂದೆ. ನೀರು ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆಯೇ ಅಶ್ವತ್ಥಮ್ಮನ ಫೋನು, ನಿಶ್ಚಿತಾರ್ಥಕ್ಕೆ ಯಾವ ದಿನ ನೋಡಿಸೋಣ ಎಂದು. ನಮ್ಮ ಯಜಮಾನರು ಅವರ ದುಡ್ಡಿನ ಅನ್ನ ಉಂಡರಂತೆ, ಲಕ್ಕೂರಿನಲ್ಲಿ ಆಗಲೇ ನೆಂಟರಿಗೆಲ್ಲ ಹೇಳಿಯಾಯಿತಂತೆ. ಇವರೋ ಮೀಸೆ ತಿರುವುತ್ತಾ, "ಉಂಡಾಯ್ತು ಕಣೇ, ಇನ್ನು ಮಾತು ತಪ್ಪಕ್ಕಾಗಲ್ಲ" ಎನ್ನುತ್ತಾರೆ. ಭಾನುವಾರ ಹೋಟೆಲ್ಲಿಗೆ ಶಾಸ್ತ್ರವಿಲ್ಲ, ಸೋಮವಾರ ಚಾಪ್ಸಿಗೆ ಶಾಸ್ತ್ರವಿದೆ. ನಾನು ಫೋನು ಕಿತ್ತುಕೊಂಡು ಹೇಳಿದೆ: "ನೋಡಮ್ಮಾ, ನನ್ನ ಮೊಮ್ಮಗಳು ಅಲ್ಲಿ ಒಂದು ತುತ್ತೂ ತಿಂದಿಲ್ಲ. ಉಂಡೋರನ್ನೇ ಮದುವೆ ಮಾಡ್ಕೊಂಡು ಕರ್ಕೊಂಡೋಗಿ. ಪಂಚೆ ಒಗೆದು ಕಳಿಸ್ತೀನಿ." ಆವತ್ತಿನಿಂದ ನಿಮ್ಮ ತಾತ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಮನೆ ತಣ್ಣಗಿದೆ.

ತಾಯಿ, ಬಾಯಿ ಇರುವುದು ನಿನಗೆ. ನೀನು ಹೂಂ ಎನ್ನುವ ಮುಂಚೆ ಒಬ್ಬ ಮುದುಕ ಬಾಯಾಡಿಸಿದ್ದನ್ನೇ ನಿನ್ನ ಒಪ್ಪಿಗೆ ಎಂದು ಊರಿಗೆಲ್ಲ ಸಾರಿದ್ದಾರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತಿದೆ. ನಿಮ್ಮಪ್ಪನಿಗೂ ಹೇಳಿದ್ದೇನೆ, ನಿನ್ನ ಮಾತು ಬರುವವರೆಗೆ ಜೋಯಿಸರ ಮನೆ ಕಡೆ ಕಾಲಿಡಕೂಡದು. ಯಾರು ಫೋನ್ ಮಾಡಿ ಮರ್ಯಾದೆ ಗಿರ್ಯಾದೆ ಎಂದರೂ ಹೆದರಬೇಡ. ಬೇಡವಾದರೆ ಬೇಡ ಎನ್ನು, ಮುಂದಿನದು ನಾನು ನೋಡಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು, ತಲೆಗೆ ಎಣ್ಣೆ ಹಚ್ಚಿಕೋ, ಸಮುದ್ರದ ಹತ್ತಿರ ಒಬ್ಬಳೇ ಹೋಗಬೇಡ. ಮುನೇಶ್ವರ ನಿನ್ನ ಬೆನ್ನ ಹಿಂದೆ ಇರಲಿ.

ನಿನ್ನ ಅಜ್ಜಿ,
ಆವಲಮ್ಮ

ತಾ.ಕ.: ಇದನ್ನು ಬರೆದರೆ ನಾನೂ ಅವರ ಕಡೆ ಸೇರಿಕೊಂಡೆ ಎಂದುಕೊಳ್ಳುತ್ತೀಯೆಂದು ಬಿಟ್ಟಿದ್ದೆ. ಮುಚ್ಚಿಟ್ಟರೆ ಅವರಿಗೂ ನನಗೂ ಏನು ವ್ಯತ್ಯಾಸ. ಆವತ್ತು ಆ ಹುಡುಗನೂ ತಟ್ಟೆ ಮುಟ್ಟಲಿಲ್ಲ. ಅವರಪ್ಪ ಗದರಿದರೂ ಹಸಿವಿಲ್ಲ ಎಂದುಬಿಟ್ಟ. ವಾಪಸು ಬರುವಾಗ ನಿಮ್ಮ ತಾತ ಮುಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ನರೇಶ ಕೋಲಾರದ ಒಂದು ಬೇಕರಿ ಮುಂದೆ ಕಾರು ನಿಲ್ಲಿಸಿ ಎರಡು ಬನ್ ತಂದ, ನನಗೊಂದು, ಅವನಿಗೊಂದು. ಯಾಕಪ್ಪ ಅಲ್ಲಿ ಉಣ್ಣಲಿಲ್ಲ ಎಂದೆ. "ಸಹನಾ ಅವ್ರು ಇನ್ನೂ ಏನೂ ಹೇಳಿಲ್ವಲ್ಲ ಅಜ್ಜಿ, ನಾನೆಂಗೆ ಉಣ್ಲಿ" ಎಂದ. ನಾನು ಬನ್ ತಿಂದೆ. ಬನ್ ಊಟವಲ್ಲ. ನೀನು ನಿಧಾನವಾಗಿ ಯೋಚನೆ ಮಾಡಿ ಹೇಳು.