ಎರಡು ಸಾಲು, ಎರಡು ಫೈಲು

ಮಾರ್ಚ್ 3, ಬೆಳಿಗ್ಗೆ 6

ಇಪ್ಪತ್ತೆರಡನೇ ಬೆಡ್‌ಶೀಟಿನ ಅಂಚು ಮುಗಿಯಿತು. ಮಿಷನ್ ಈ ಊರಿನ ಯಾರೋ ಕೊಟ್ಟದ್ದು. ಪೆಡಲ್ ಕಿರುಗುಟ್ಟುತ್ತೆ, ಆದರೂ ಒಂದು ಹೊಲಿಗೆಯೂ ತಪ್ಪಲ್ಲ. ಕೊಟ್ಟವರ ಹೊಟ್ಟೆ ತಣ್ಣಗಿರಲಿ. ಶಾಲೆಯ ಈ ಹಾಲ್‌ನಲ್ಲಿ ಮುನ್ನೂರು ಜನ. ಎಲ್ಲರೂ ಯುದ್ಧಕ್ಕೆ ಹೆದರಿ ಗಡಿ ದಾಟಿದವರು. ಅತ್ತೆ ಗೋಡೆಗೆ ಒರಗಿ ಗೊರಕೆ. ಗಂಡ ಸತ್ತ ಮೇಲೆ ನನಗೆ ಉಳಿದದ್ದು ಅವನ ತಾಯಿ, ಆಕೆಯ ಬಾಯಿ.

ಮಾರ್ಚ್ 4

ನೋಂದಣಿ ಗುಮಾಸ್ತೆ ಬಂದಿದ್ದಳು. ಇವರದೂ ಸೇರಿ ಮೂರು ದೇಶ ಒಪ್ಪಂದ ಮಾಡಿಕೊಂಡಿವೆ. ನಮ್ಮನ್ನು ಹಂಚಿಕೊಳ್ಳುತ್ತಾರಂತೆ.

"ಗಡಿ ದಾಟಿದ ಕೂಡಲೇ ಸಿಗೋರು ನಾವು ಅಂತ ಎಲ್ಲಾನೂ ನಮ್ಮ ತಲೆಗೇ ಕಟ್ಟಿದ್ರು. ಇನ್ಮೇಲೆ ಅವರೂ ಹೊರಲಿ ಬಿಡಿ."

ಮುಖದಲ್ಲಿ ಕೆಟ್ಟತನ ಇಲ್ಲ. ಒಂಬತ್ತು ತಿಂಗಳು ನಿದ್ದೆಗೆಟ್ಟ ಕಣ್ಣು. ನ್ಯಾಯವೇ. ನಾಲ್ಕು ಸೊಸೆಯರಿದ್ದು ಒಬ್ಬಳೇ ಪಾತ್ರೆ ತಿಕ್ಕಿದರೆ ಅದೂ ಒಂದು ಮನೆಯಾ? ಆದರೆ ನಾವು ಪಾತ್ರೆಗಳಲ್ಲ. ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 9, ಮಧ್ಯಾಹ್ನ

ಪಟ್ಟಿ ಅಂಟಿಸಿದರು. ನಾನು — ಹೊಳೆಯಾಚೆಯ ದೇಶಕ್ಕೆ. ಅತ್ತೆ — ಬೆಟ್ಟದಾಚೆಯ ದೇಶಕ್ಕೆ.

ತಪ್ಪು ನಮ್ಮದೇ. ಯುದ್ಧ ಶುರುವಾದ ಮೇಲೆ ಬ್ರೆಡ್ಡಿಗಾಗಲಿ ನೀರಿಗಾಗಲಿ ಎರಡು ಸಾಲಿದ್ದರೆ ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲುತ್ತಿದ್ದೆವು. ಯಾವುದು ಮುಂದೆ ಓಡುತ್ತೋ ಅಲ್ಲಿಗೆ ಇನ್ನೊಬ್ಬರು ನುಗ್ಗೋದು. ಇಲ್ಲಿ ನೋಂದಣಿಗೂ ಹಾಗೇ ನಿಂತೆವು. ಎರಡೂ ಸಾಲು ಒಂದೇ ಹೊತ್ತಿಗೆ ಮೇಜು ಮುಟ್ಟಿದವು. ಒಂಟಿ ಹೆಂಗಸು. ಒಂಟಿ ಮುದುಕಿ. ಎರಡು ಫೈಲು.

"ನಿನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ," ಅಂದರು ಅತ್ತೆ.

"ಎರಡು ಸಾಲು ಅಂದದ್ದು ನೀವೇ."

"ನನ್ನ ಮಾತು ನೀನು ಕೇಳಿದ್ದು ಅದೊಂದೇ ಸಲ!"

ಇಬ್ಬರೂ ನಕ್ಕೆವು. ಆಮೇಲೆ ಅವರು ಮುಖ ಗೋಡೆಗೆ ತಿರುಗಿಸಿದರು.

ಮಾರ್ಚ್ 12, ಸೋಮವಾರ

ಗುಮಾಸ್ತೆಯ ಮೇಜು ಗುದ್ದಿದೆ. "ತಲೆ ಎಣಿಸೋಕೆ ಬರುತ್ತೆ, ಯಾರ ತಲೆ ಯಾರ ಮಡಿಲಲ್ಲಿದೆ ಅಂತ ಕಾಣಲ್ವಾ?"

ಕಾವಲಿನವ ಎದ್ದ. ಅವಳೇ ಕೈ ಎತ್ತಿ ಕೂರಿಸಿದಳು.

"ಕೂಗಿ ಅಕ್ಕಾ, ಕೂಗಬೇಕಾದ್ದೇ. ಆದ್ರೆ ಹೊಳೆಯಾಚೆಯವರು ನಲವತ್ತು ಅಂದ್ರೆ ನಲವತ್ತೇ. ಒಂದು ತಲೆ ಹೆಚ್ಚಾದ್ರೆ ಒಪ್ಪಂದ ಮುರಿಯೋಕೆ ಕಾದು ಕೂತಿದ್ದಾರೆ. ಅವರ ಪಟ್ಟಿಯ ಒಬ್ಬರು ನಿಮ್ಮ ಅತ್ತೆ ಜೊತೆ ಅದಲುಬದಲಿಗೆ ಒಪ್ಪಲಿ. ಗುರುವಾರದೊಳಗೆ. ಮಿಕ್ಕಿದ್ದು ನನಗೆ ಬಿಡಿ."

ಯಾರನ್ನು ಕೇಳಲಿ…

ಮಾರ್ಚ್ 14, ಸಂಜೆ

ಎರಡು ದಿನ, ಹನ್ನೊಂದು ಜನರ ಮುಂದೆ ನಿಂತೆ. ಯಾರೂ ಕೆಟ್ಟವರಲ್ಲ. ಎಲ್ಲರಿಗೂ ಅಲ್ಲಿ ಯಾರೋ ಇದ್ದಾರೆ.

ಈಗ "ಕತ್ತರಿ" ಬಂದ. ಹಾಲ್‌ನವರ ತಲೆಗೆಲ್ಲ ಕೈ ಹಾಕುವ ಕ್ಷೌರಿಕ. ಹೊಳೆಯಾಚೆಯ ಪಟ್ಟಿಯವನೇ. ಅಲ್ಲಿಗೇ ಹೋಗಬೇಕು ಅಂತ ಆ ದೇಶದ ಭಾಷೆಯನ್ನು ಆರು ತಿಂಗಳಿಂದ ಬಾಯಿಪಾಠ ಮಾಡುತ್ತಿದ್ದವನು. ಅವನನ್ನು ಕೇಳಲು ನಾಲಿಗೆ ಎದ್ದಿರಲಿಲ್ಲ.

"ಸಹಿ ಹಾಕಿ ಬಂದೆ," ಅಂದ.

"ಮತ್ತೆ, ಕಲಿತ ಭಾಷೆ?"

"ಬೆಟ್ಟದ ಕಡೆಯವರಿಗೆ ಗಡ್ಡ ಬೆಳೆಯಲ್ವಾ? ಗಡ್ಡ ಬೋಳಿಸೋಕೆ ಭಾಷೆ ಯಾಕೆ?"

"ಮೂಗು ಕೊಯ್ದಾಗ ತಪ್ಪಾಯ್ತು ಅನ್ನೋಕಾದ್ರೂ ಬೇಕಲ್ಲೋ!" ಅಂದರು ಅತ್ತೆ.

ಇಡೀ ಹಾಲ್ ನಕ್ಕಿತು. ನನಗೆ ಅಳು.

ಮೂರು ಸರ್ಕಾರ ತಿಂಗಳುಗಟ್ಟಲೆ ಕುರ್ಚಿ ಬಿಸಿ ಮಾಡಿದವು, ಹಂಚಿಕೊಳ್ಳೋದು ಹೇಗೆ ಅಂತ. ಇವನು ಒಂದು ಸಹಿಯಲ್ಲಿ ತೋರಿಸಿದ. ಬನ್ನಿ ದೊರೆಗಳೇ, ಇವನ ಮುಂದೆ ತಲೆ ಬಗ್ಗಿಸಿ. ನನ್ನ ಕೃತಜ್ಞತೆ ಯಾರ ಅಪ್ಪಣೆಗೂ ಬರೋದಲ್ಲ. ಇವನಿಗೆ, ಆ ಗುಮಾಸ್ತೆಗೆ, ಒಂಬತ್ತು ತಿಂಗಳು ನಮ್ಮನ್ನು ಹೊತ್ತ ಈ ಊರಿಗೆ — ಪೂರ್ತಿ. ಬೇಡ ಅಂದರೂ ಕೊಡುತ್ತೇನೆ.

ಮಾರ್ಚ್ 17, ಬೆಳಿಗ್ಗೆ 7

ನಾವಿಬ್ಬರೂ ಒಂದೇ ಬಸ್ಸು. ಕತ್ತರಿಯ ಬಸ್ಸು ಮೊದಲು ಹೊರಡುತ್ತೆ. ಅತ್ತೆ ಕಿಟಕಿ ಹಿಡಿದು ನಿಂತಿದ್ದಾರೆ. "ಹೊತ್ತಿಗೆ ಸರಿಯಾಗಿ ಉಣ್ಣು ಮಗನೇ." ನನ್ನ ಗಂಡ ಸತ್ತ ಮೇಲೆ ಆ ಮಾತು ಅವರ ಬಾಯಲ್ಲಿ ಮೊದಲ ಸಲ.

"ಕಾಗದ ಎಲ್ಲಿಗೆ ಬರೀಲಿ ಅವ್ವಾ?"

ನಮ್ಮ ವಿಳಾಸ ನಮಗೇ ಗೊತ್ತಿಲ್ಲ. ಅವನದು ಅವನಿಗೂ ಗೊತ್ತಿಲ್ಲ.

ಗುಮಾಸ್ತೆ ಓಡಿ ಬಂದಳು. "ನನ್ನ ಮನೆಗೆ ಬರೀರಿ, ಇಬ್ಬರೂ. ಅವರದ್ದು ಇವರಿಗೆ, ಇವರದ್ದು ಅವರಿಗೆ ನಾನು ದಾಟಿಸ್ತೀನಿ."

ವಿಳಾಸ ಹೇಳುತ್ತಿದ್ದಾಳೆ. ನಿಂತಲ್ಲೇ ಬರೆದುಕೊಳ್ಳುತ್ತಿದ್ದೇನೆ. ಮನೆ ನಂಬರ್ ಹದಿನೇಳು, ಎರಡನೇ ಮಹಡಿ, ನೀರಿನ ಟ್ಯಾಂಕಿನ ಹಿಂದಿನ ಬೀದಿ.